ದವಾಖಾನೆಯ ಸರದಿ: ಕಲಬುರಗಿಯಲ್ಲಿ ಮೂತ್ರರೋಗ ವಿದ್ಯೆಯ ಕಲಿಕೆ

ವೈದ್ಯಕೀಯ ಕಾಲೇಜುಗಳಲ್ಲಿ ‘ಪೋಸ್ಟಿಂಗ್’ ಎಂದು ಕರೆಯುವ ಪದ್ಧತಿ ಮೂಲತಃ ಒಂದು ಸರದಿ. ವಿದ್ಯಾರ್ಥಿಯು ಇಂತಿಷ್ಟು ವಾರ ಒಂದು ವಿಭಾಗದಲ್ಲಿದ್ದು, ಅಲ್ಲಿಗೆ ಬಂದ ರೋಗಿಗಳ ಮಾತು ಕೇಳಿ, ಮೈ ಮುಟ್ಟಿ ನೋಡಿ, ಕಂಡದ್ದನ್ನು ಬರೆದು, ಗುರುವಿಗೆ ಒಪ್ಪಿಸಿ, ಬಳಿಕ ಮತ್ತೊಂದು ವಿಭಾಗಕ್ಕೆ ತೆರಳುತ್ತಾನೆ ಅಥವಾ ತೆರಳುತ್ತಾಳೆ. ಮೂತ್ರಪಿಂಡ, ಮೂತ್ರಕೋಶ, ಮೂತ್ರನಾಳ ಮತ್ತು ಪುರುಷ ಜನನಾಂಗಗಳ ರೋಗಗಳನ್ನು ಶಸ್ತ್ರಕ್ರಿಯೆಯಿಂದ ನಿವಾರಿಸುವ ಯೂರಾಲಜಿ ಎಂಬ ಶಾಖೆಗೆ ಈ ಸರದಿಯಲ್ಲಿ ಬಹುಕಾಲ ಪ್ರತ್ಯೇಕ ಸ್ಥಾನವಿರಲಿಲ್ಲ. ಅದು ಸಾಮಾನ್ಯ ಶಸ್ತ್ರವೈದ್ಯದ ಒಂದು ಮೂಲೆಯಾಗಿಯೇ ಇತ್ತು. ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜಿಗೆ ಆರು ದಶಕಗಳಷ್ಟೇ ವಯಸ್ಸಾಗಿದ್ದರೂ, ಈ ನೆಲದಲ್ಲಿ ಮೂತ್ರರೋಗಗಳ ಅರಿವು ಮತ್ತು ಆ ಅರಿವನ್ನು ಶಿಷ್ಯರಿಗೆ ದಾಟಿಸುವ ಕ್ರಮ ಬಹಳ ಹಳೆಯವು. ಆ ಇತಿಹಾಸವನ್ನು ಹಿಂಬಾಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ನಗರದ ವಾರ್ಡಿನಲ್ಲಿ ನಡೆಯುವ ಸರದಿ ಮತ್ತು ಕಮಲಾಪುರದಂಥ ಊರುಗಳ ಕಡೆಗೆ ಹೊರಡುವ ಗ್ರಾಮೀಣ ಸರದಿ ಒಂದೇ ರೋಗದ ಎರಡು ತುದಿಗಳನ್ನು ಹಿಡಿದಿದ್ದರೂ ಪರಸ್ಪರ ಭೇಟಿಯಾದದ್ದು ಕಡಿಮೆ.

ಇಂದಿನ ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿದ್ದ ಕಾಲಕ್ಕೆ, ಅಂದರೆ 9ನೆಯ ಶತಮಾನದಲ್ಲಿ, ಉಗ್ರಾದಿತ್ಯನೆಂಬ ಜೈನ ಆಚಾರ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ ಎಂಬ ವೈದ್ಯಗ್ರಂಥವನ್ನು ರಚಿಸಿದನು. ಔಷಧದಲ್ಲಿ ಮಾಂಸ ಮದ್ಯಗಳು ಅನಗತ್ಯವೆಂದು ಅವನು ಅರಸ ನೃಪತುಂಗನ ಆಸ್ಥಾನದಲ್ಲಿ ವಾದಿಸಿದ ಸಂಗತಿ ಆ ಗ್ರಂಥದಲ್ಲಿಯೇ ದಾಖಲಾಗಿದೆ. ಆ ಹೊತ್ತಿಗೆ ಆಯುರ್ವೇದದ ಶಸ್ತ್ರಪರಂಪರೆಗೆ ಆಧಾರವಾಗಿದ್ದ ಸುಶ್ರುತಸಂಹಿತೆಯು ಮೂತ್ರಕೋಶದ ಕಲ್ಲನ್ನು ‘ಅಶ್ಮರಿ’ ಎಂದು ಕರೆದು, ಅದರ ಲಕ್ಷಣಕ್ಕೆ ಒಂದು ಅಧ್ಯಾಯವನ್ನೂ ಚಿಕಿತ್ಸೆಗೆ ಮತ್ತೊಂದು ಅಧ್ಯಾಯವನ್ನೂ ಮೀಸಲಿಟ್ಟಿತ್ತು. ಔಷಧಕ್ಕೆ ಕಲ್ಲು ಕರಗದಿದ್ದಾಗ ಗುದ ಮತ್ತು ಜನನಾಂಗದ ನಡುವಿನ ಭಾಗದಲ್ಲಿ ಕೊಯ್ದು ಅದನ್ನು ಹೊರತೆಗೆಯುವ ಕ್ರಮವನ್ನು ಅದು ವಿವರಿಸುತ್ತದೆ. ಶಸ್ತ್ರ ಮಾಡದಿದ್ದರೆ ಸಾವು ಖಚಿತ, ಮಾಡಿದರೆ ಬದುಕು ಸಂದೇಹ ಎಂಬ ಸ್ಥಿತಿಯಾದ್ದರಿಂದ ಒಡೆಯನ ಅಪ್ಪಣೆ ಪಡೆದೇ ಕೈಹಾಕಬೇಕೆಂಬ ಎಚ್ಚರಿಕೆಯೂ ಅಲ್ಲಿದೆ. ಶಿಕ್ಷಣದ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಅದೇ ಸಂಹಿತೆಯ ‘ಯೋಗ್ಯಾ’ ಎಂಬ ಅಭ್ಯಾಸಕ್ರಮ: ಶಿಷ್ಯನು ಮನುಷ್ಯನ ಮೈ ಮುಟ್ಟುವ ಮೊದಲು ಕುಂಬಳ, ಸೋರೆ, ಕಲ್ಲಂಗಡಿಗಳ ಮೇಲೆ ಕೊಯ್ಯುವುದನ್ನೂ, ನೀರು ಅಥವಾ ಕೆಸರು ತುಂಬಿದ ತೊಗಲಚೀಲ ಮತ್ತು ಪ್ರಾಣಿಗಳ ಮೂತ್ರಕೋಶಗಳ ಮೇಲೆ ಸೀಳುವುದನ್ನೂ ರೂಢಿಸಿಕೊಳ್ಳಬೇಕಿತ್ತು. ಓದಿದ್ದು ಎಷ್ಟೇ ಇದ್ದರೂ ಕೈ ಪಳಗದವನು ಕೆಲಸಕ್ಕೆ ಬಾರನೆಂಬ ತಿಳಿವಳಿಕೆ ಅಂದಿನಿಂದ ಇಂದಿನ ಸಿಮ್ಯುಲೇಶನ್ ಪ್ರಯೋಗಾಲಯದವರೆಗೂ ಅಳಿಯದೆ ಉಳಿದಿದೆ.

1347ರಲ್ಲಿ ಕಲಬುರಗಿಯು ಬಹಮನಿ ರಾಜ್ಯದ ರಾಜಧಾನಿಯಾದಾಗ ಈ ಪರಂಪರೆಯ ಪಕ್ಕದಲ್ಲಿ ಯುನಾನಿ ವೈದ್ಯ ಬಂದು ನಿಂತಿತು. ರಾಜಧಾನಿ ಬೀದರಿಗೆ ಹೋದ ಮೇಲೆ, 15ನೆಯ ಶತಮಾನದಲ್ಲಿ, ಎರಡನೆಯ ಅಲಾವುದ್ದೀನ್ ಅಹಮದ್ ಷಾಹನು ಅಲ್ಲಿ ಆಸ್ಪತ್ರೆಯೊಂದನ್ನು ಕಟ್ಟಿಸಿ, ಅದರ ಖರ್ಚಿಗೆ ಊರುಗಳನ್ನು ಉಂಬಳಿ ಬಿಟ್ಟು, ಹಿಂದೂ ವೈದ್ಯರನ್ನೂ ಮುಸ್ಲಿಂ ವೈದ್ಯರನ್ನೂ ನೇಮಿಸಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಹಕೀಮರು ಮೂತ್ರಕೋಶದ ಕಲ್ಲಿಗೆ ‘ಸಂಗ್-ಎ-ಮಸಾನಾ’, ಮೂತ್ರಪಿಂಡದ ಕಲ್ಲಿಗೆ ‘ಸಂಗ್-ಎ-ಗುರ್ದಾ’ ಎಂಬ ಹೆಸರುಗಳನ್ನಿಟ್ಟು ಚಿಕಿತ್ಸೆ ಮಾಡಿದರು. ಈ ಎರಡು ಧಾರೆಗಳ ಬೆರಕೆ ಜನರ ನಾಲಗೆಯ ಮೇಲೆ ಇನ್ನೂ ಇದೆ: ಕಲಬುರಗಿ ಸೀಮೆಯಲ್ಲಿ ಆಸ್ಪತ್ರೆ ‘ದವಾಖಾನಿ’, ಹೊಟ್ಟೆಯ ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ಆ ಭೀಕರ ನೋವಿಗೆ ಕಾರಣವಾದದ್ದು ಒಬ್ಬರ ಬಾಯಲ್ಲಿ ‘ಹಳ್ಳು’, ಇನ್ನೊಬ್ಬರ ಬಾಯಲ್ಲಿ ‘ಪಥರಿ’, ವೈದ್ಯರ ಬರಹದಲ್ಲಿ ‘ಹರಳು’. ಮನೆಮದ್ದಿನಲ್ಲಿ ಹುರುಳಿಕಟ್ಟು, ನೆಗ್ಗಿಲುಮುಳ್ಳಿನ ಕಷಾಯ, ಬಾಳೆದಿಂಡಿನ ರಸ ಇವು ಎಲ್ಲರಿಗೂ ಸಮಾನ. ವಾರ್ಡಿಗೆ ಹೊಸದಾಗಿ ಬಂದ ವಿದ್ಯಾರ್ಥಿ ಈ ಮಾತುಗಳನ್ನು ಕಲಿಯದೆ ರೋಗಿಯ ಪೂರ್ವವೃತ್ತಾಂತವನ್ನು ಬರೆದುಕೊಳ್ಳಲಾರನು. ಆ ಅರ್ಥದಲ್ಲಿ ಅವನ ಮೊದಲ ಗುರು ರೋಗಿಯೇ.

ಆಧುನಿಕ ಪದ್ಧತಿಯ ಸರದಿ ಈ ಭಾಗಕ್ಕೆ ಬಂದದ್ದು ಹೈದರಾಬಾದಿನ ಮೂಲಕ. ನಿಜಾಮರ ರಾಜಧಾನಿಯಲ್ಲಿ 1846ರಲ್ಲಿ ಆರಂಭವಾದ ವೈದ್ಯಕೀಯ ಶಾಲೆಯು ಮೊದಲು ಉರ್ದುವಿನಲ್ಲಿಯೇ ಪಾಠ ಹೇಳಿ ‘ಹಕೀಮ’ರನ್ನು ತಯಾರು ಮಾಡಿತು, ಬಳಿಕ ಇಂಗ್ಲಿಷಿಗೆ ತಿರುಗಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಕಾಲದಲ್ಲಿ ಮತ್ತೆ ಉರ್ದುವಿಗೆ ಮರಳಿತು. ಮುಂಬಯಿ–ಮದ್ರಾಸು ರೈಲುಮಾರ್ಗ ಕಲಬುರಗಿಯ ಮೇಲೆ ಹಾದುಹೋದ ಮೇಲೆ ಮತ್ತು 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ ಮೇಲೆ ರಾಜಧಾನಿಯ ದಾರಿ ಹತ್ತಿರವಾಯಿತು. ವೈದ್ಯನಾಗಬಯಸಿದ ಕಲಬುರಗಿಯ ಹುಡುಗನಿಗೆ ಬೇರೆ ಹತ್ತಿರದ ದಾರಿಯೂ ಇರಲಿಲ್ಲ. ಆ ಶಾಲೆಯ ಪ್ರಾಂಶುಪಾಲನಾಗಿದ್ದ ಎಡ್ವರ್ಡ್ ಲಾರಿಯು 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿದನು. ಅರಿವಳಿಕೆಯ ಸಾವುಗಳಿಗೆ ಉಸಿರಾಟದ ನಿಲುಗಡೆಯೇ ಮೂಲ, ಹೃದಯವಲ್ಲ ಎಂಬ ಅವನ ತೀರ್ಮಾನ ಮುಂದೆ ತಪ್ಪೆಂದು ಸಿದ್ಧವಾದರೂ, ಬೋಧನಾ ಆಸ್ಪತ್ರೆಯೊಂದು ಪ್ರಶ್ನೆ ಕೇಳುವ ಜಾಗವೂ ಆಗಬಲ್ಲದೆಂಬುದನ್ನು ದಖನಿನ ವಿದ್ಯಾರ್ಥಿಗಳು ಮೊದಲಿಗೆ ಕಂಡದ್ದು ಅಲ್ಲಿಯೇ. ಅದೇ ದಶಕಗಳಲ್ಲಿ ಭಾರತದ ಆಸ್ಪತ್ರೆಗಳು ಮೂತ್ರಕೋಶದ ಕಲ್ಲಿನ ಚಿಕಿತ್ಸೆಗೆ ಜಗತ್ತಿನ ಪಾಠಶಾಲೆಗಳಾಗಿದ್ದವು. ಅಮೆರಿಕದ ಹೆನ್ರಿ ಬಿಗೆಲೋ 1878ರಲ್ಲಿ ಪ್ರಕಟಿಸಿದ್ದ ಕ್ರಮವನ್ನು, ಅಂದರೆ ಮೂತ್ರನಾಳದ ಮೂಲಕವೇ ಉಪಕರಣ ತೂರಿಸಿ ಕಲ್ಲನ್ನು ಪುಡಿಮಾಡಿ ತೊಳೆದು ತೆಗೆಯುವುದನ್ನು, ಇಂದೋರಿನ ಕೀಗನ್ ಮಕ್ಕಳಲ್ಲಿಯೂ ಸಾಧ್ಯವೆಂದು ತೋರಿಸಿದನು. ಇಲ್ಲಿ ಕೈ ಪಳಗಿಸಿಕೊಂಡು ಲಂಡನ್ನಿಗೆ ಹಿಂದಿರುಗಿದ ಪೀಟರ್ ಫ್ರೇಯರ್ ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಕ್ರಿಯೆಯಿಂದ ಹೆಸರಾದನು. ಹೊಟ್ಟೆತುಂಬ ಹಾಲು ಮೊಸರು ಕಾಣದೆ ಬರಿಯ ಧಾನ್ಯದ ಮೇಲೆ ಬೆಳೆದ ಬಡಮಕ್ಕಳ ಮೂತ್ರಕೋಶದ ಕಲ್ಲುಗಳೇ ಆ ವೈದ್ಯರ ಕೈಚಳಕಕ್ಕೆ ಸಾಣೆಯಾದದ್ದೆಂಬುದನ್ನು ಈ ಕೀರ್ತಿಯ ಜೊತೆಗೇ ನೆನೆಯಬೇಕು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನಗೊಂಡು, 1956ರ ನವೆಂಬರ್ 1ರಂದು ಕಲಬುರಗಿಯು ಮೈಸೂರು ರಾಜ್ಯಕ್ಕೆ ಸೇರಿದಾಗ, ಉರ್ದು ಮತ್ತು ಹೈದರಾಬಾದಿಗೆ ಒಗ್ಗಿದ್ದ ಶಿಕ್ಷಣದ ದಾರಿ ಕತ್ತರಿಸಿದಂತಾಯಿತು. ಹೊಸ ರಾಜಧಾನಿ ಬೆಂಗಳೂರು ಹಳೆಯದಕ್ಕಿಂತ ಎಷ್ಟೋ ಪಾಲು ದೂರ. ಈ ಕೊರತೆಯನ್ನು ತುಂಬಲು ಮಹಾದೇವಪ್ಪ ರಾಂಪುರೆ ಅವರ ಮುಂದಾಳತ್ವದಲ್ಲಿ 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಮೊದಲು ಎಂಜಿನಿಯರಿಂಗ್ ಕಾಲೇಜು, ಬಳಿಕ 1963ರಲ್ಲಿ ವೈದ್ಯಕೀಯ ಕಾಲೇಜು ಬಂದವು. ಎರಡನೆಯದಕ್ಕೆ ಮುಂದೆ ರಾಂಪುರೆಯವರ ಹೆಸರೇ ನಿಂತಿತು. ಕಾಲೇಜು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದಕ್ಕೆ, 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ಅದಕ್ಕೆ ಸೇರಿತು. ಪೋಸ್ಟಿಂಗಿನ ದೃಷ್ಟಿಯಿಂದ ನೋಡಿದರೆ ಮುಖ್ಯವಾದದ್ದು ಬೇರೆ: ವಿದ್ಯಾರ್ಥಿಗಳು ಕಾಲೇಜಿನದೇ ಆದ ಬಸವೇಶ್ವರ ಆಸ್ಪತ್ರೆಯಲ್ಲಿಯೂ, ಸಂಗಮೇಶ್ವರ ಆಸ್ಪತ್ರೆಯಲ್ಲಿಯೂ, ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ಸರದಿ ಮಾಡುತ್ತಿದ್ದರು. ಹೀಗಾಗಿ ಒಂದೇ ತಂಡ ಖಾಸಗಿ ಸಂಸ್ಥೆಯ ಶಿಸ್ತನ್ನೂ ಸರ್ಕಾರಿ ದವಾಖಾನೆಯ ಜನಸಾಗರವನ್ನೂ ಕಂಡಿತು.

ಆ ವಾರ್ಡುಗಳಲ್ಲಿ ಯೂರಾಲಜಿ ಎಂಬ ಫಲಕವಿಲ್ಲದಿದ್ದರೂ ಅದರ ರೋಗಗಳಿಗೆ ಕೊರತೆಯಿರಲಿಲ್ಲ. ಕಲಬುರಗಿ, ಬೀದರ, ಯಾದಗಿರಿ, ರಾಯಚೂರುಗಳು ಆನೆಕಾಲು ರೋಗದ ನಾಡು. ಸೊಳ್ಳೆಯಿಂದ ಹರಡುವ ಫೈಲೇರಿಯಾ ಹುಳು ಕಾಲಿನ ಬಾವು ತರುವಂತೆಯೇ ವೃಷಣದ ಸುತ್ತ ನೀರು ತುಂಬುವ ಹೈಡ್ರೋಸೀಲನ್ನೂ, ಹಾಲಿನಂಥ ಬಿಳಿಮೂತ್ರ ಹೋಗುವ ಕೈಲೂರಿಯಾವನ್ನೂ ತರುತ್ತದೆ. ಈ ಹುಳುವಿನ ಮರಿಗಳು ವಿಜ್ಞಾನಿಗಳ ಕಣ್ಣಿಗೆ ಮೂತ್ರದಲ್ಲಿಯೂ ಬಿದ್ದವು: 1866ರಲ್ಲಿ ಬ್ರೆಜಿಲಿನಲ್ಲಿ ವೂಖರರ್ ಬಿಳಿಮೂತ್ರದಲ್ಲಿ ಅವುಗಳನ್ನು ಕಂಡನು, ಕಲ್ಕತ್ತದಲ್ಲಿ ತಿಮೊಥಿ ಲೂಯಿಸ್ ಮೊದಲು ಅಂಥದೇ ಮೂತ್ರದಲ್ಲಿ, ಬಳಿಕ 1872ರಲ್ಲಿ ಮನುಷ್ಯನ ರಕ್ತದಲ್ಲಿ ಕಂಡನು. ಹೈಡ್ರೋಸೀಲು ಶಸ್ತ್ರವೈದ್ಯದ ಪರೀಕ್ಷೆಗಳಲ್ಲಿ ಸಾಮಾನ್ಯವಾದ ‘ಚಿಕ್ಕ ಕೇಸು’. ಕೋಣೆಯನ್ನು ಕತ್ತಲೆ ಮಾಡಿ, ಬಾವಿನ ಒಂದು ಬದಿಗೆ ಟಾರ್ಚು ಹಿಡಿದು, ಬೆಳಕು ಇನ್ನೊಂದು ಬದಿಗೆ ಕೆಂಪಾಗಿ ಹಾಯುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಮಾಡದೆ ಹೊರಬಂದ ವಿದ್ಯಾರ್ಥಿ ಈ ಭಾಗದಲ್ಲಿ ಸಿಗುವುದು ಕಷ್ಟ.

ಇದೇ ರೋಗದ ಮತ್ತೊಂದು ಮುಖ ಊರಿನಲ್ಲಿದೆ. ಫೈಲೇರಿಯಾದ ಮರಿಹುಳುಗಳು ಹಗಲಿನಲ್ಲಿ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ಅಡಗಿದ್ದು ರಾತ್ರಿ ಹೊರಮೈಯ ರಕ್ತಕ್ಕೆ ಬರುವುದರಿಂದ, ಅವುಗಳನ್ನು ಹುಡುಕಬೇಕಾದರೆ ಆರೋಗ್ಯ ಕಾರ್ಯಕರ್ತರು ಊಟ ಮುಗಿಸಿ ಮಲಗಲು ಹೊರಟ ಮನೆಗಳಿಗೆ ಹೋಗಿ ಬೆರಳು ಚುಚ್ಚಿ ರಕ್ತ ತೆಗೆಯಬೇಕು. ದೇಶದಲ್ಲಿ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ 1955ರಿಂದ ನಡೆದಿದೆ. 2004ರಿಂದ ಪೀಡಿತ ಜಿಲ್ಲೆಗಳ ಎಲ್ಲರಿಗೂ ಒಟ್ಟಿಗೇ ಗುಳಿಗೆ ನುಂಗಿಸುವ ಕ್ರಮ ಬಂದಿದೆ. ವಿದ್ಯಾರ್ಥಿಯು ಹಗಲಿನ ವಾರ್ಡಿನಲ್ಲಿ ಹೈಡ್ರೋಸೀಲಿಗೆ ಟಾರ್ಚು ಹಿಡಿದದ್ದು ಶಸ್ತ್ರವೈದ್ಯ ವಿಭಾಗದ ಲೆಕ್ಕಕ್ಕೆ, ರಾತ್ರಿಯ ರಕ್ತಲೇಪನದ ಪಾಠ ಓದಿದ್ದು ಸಮುದಾಯ ವೈದ್ಯಕೀಯದ ಲೆಕ್ಕಕ್ಕೆ ಹೋಯಿತು. ಇಬ್ಬರು ಅಧ್ಯಾಪಕರು, ಎರಡು ಹಾಜರಿ ಪುಸ್ತಕ, ಎರಡು ಪರೀಕ್ಷೆ. ರೋಗಿ ಮಾತ್ರ ಒಬ್ಬನೇ. ಈ ಬಿರುಕು ಕಲಬುರಗಿಯದಷ್ಟೇ ಅಲ್ಲ, ಭಾರತದ ವೈದ್ಯಕೀಯ ಶಿಕ್ಷಣದ್ದೇ. ಆದರೆ ಆನೆಕಾಲಿನ ಜಿಲ್ಲೆಯಲ್ಲಿ ಅದು ಹೆಚ್ಚು ನೋಯಿಸುತ್ತದೆ.

ಬಿರುಕನ್ನು ಮುಚ್ಚುವ ಯತ್ನಗಳು ನಡೆಯಲಿಲ್ಲವೆಂದಲ್ಲ. 1946ರ ಭೋರ್ ಸಮಿತಿಯು ವೈದ್ಯನು ‘ಸಾಮಾಜಿಕ ವೈದ್ಯ’ನಾಗಬೇಕೆಂದು ಬಯಸಿ, ರೋಗ ತಡೆಗಟ್ಟುವ ವೈದ್ಯದಲ್ಲಿ ಮೂರು ತಿಂಗಳ ತರಬೇತಿಯನ್ನು ಸೂಚಿಸಿತು. ಶ್ರೀವಾಸ್ತವ ಸಮಿತಿಯ ಬಳಿಕ 1977ರಲ್ಲಿ ಬಂದ ‘ರೋಮ್’ ಯೋಜನೆ, ಅಂದರೆ ವೈದ್ಯಕೀಯ ಶಿಕ್ಷಣವನ್ನು ಹಳ್ಳಿಯ ಕಡೆಗೆ ತಿರುಗಿಸುವ ಯೋಜನೆ, ಪ್ರತಿಯೊಂದು ಕಾಲೇಜೂ ಮೂರು ಅಭಿವೃದ್ಧಿ ಬ್ಲಾಕುಗಳ ಆರೋಗ್ಯದ ಹೊಣೆ ಹೊರಬೇಕೆಂದಿತು. ಇಂದಿಗೂ 2021ರ ನಿಯಮದಂತೆ ಒಂದು ವರ್ಷದ ಇಂಟರ್ನ್‌ಶಿಪ್ಪಿನಲ್ಲಿ ಸಮುದಾಯ ವೈದ್ಯಕೀಯಕ್ಕೆ 12 ವಾರಗಳಿವೆ, ಸಾಮಾನ್ಯ ಶಸ್ತ್ರವೈದ್ಯಕ್ಕೆ 6. ಆದರೆ ಹಳ್ಳಿಗೆ ಹೋದ ವಿದ್ಯಾರ್ಥಿಗಳು ಲಸಿಕೆ, ಗರ್ಭಿಣಿಯರ ತಪಾಸಣೆ, ಕ್ಷಯದ ದಾಖಲೆಗಳನ್ನು ನೋಡಿದರೇ ಹೊರತು, ಮೂತ್ರರೋಗವನ್ನು ಹುಡುಕುವ ಕಣ್ಣನ್ನು ಅವರಿಗೆ ಯಾರೂ ಕೊಟ್ಟು ಕಳಿಸಲಿಲ್ಲ.

ಅಂಥ ಕಣ್ಣಿಗೆ ಕಮಲಾಪುರದ ಸೀಮೆ ಬಹಳ ಹೇಳಬಲ್ಲದು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲಿರುವ ಈ ಊರು ದೀರ್ಘಕಾಲ ಕಲಬುರಗಿ ತಾಲೂಕಿನ ಹೋಬಳಿಯಾಗಿದ್ದು, 2018ರ ಸುಮಾರಿಗೆ ತಾನೇ ತಾಲೂಕು ಕೇಂದ್ರವಾಯಿತು; ಬೀದರ–ಕಲಬುರಗಿ ರೈಲುಮಾರ್ಗ 2017ರಲ್ಲಿ ಪೂರ್ಣವಾದಾಗ ಈ ಸೀಮೆಗೂ ರೈಲು ಬಂತು. ದಕ್ಷಿಣಕ್ಕೆ ಸೇಡಂ, ಚಿತ್ತಾಪುರ, ಶಹಾಬಾದುಗಳ ಕಡೆ ಸುಣ್ಣಕಲ್ಲಿನ ಹಾಸು. ಕಮಲಾಪುರದ ಆಚೆಗೆ ನೆಲ ಕೆಂಪಾಗಿ ಬೀದರದ ಜಂಬಿಟ್ಟಿಗೆಯ ಎತ್ತರಕ್ಕೆ ಏರತೊಡಗುತ್ತದೆ. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆ ಈ ನೆಲದ್ದೇ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಎರಡೂ ಕಡೆ ಒಂದೇ. ಮೂತ್ರಪಿಂಡದ ಹರಳು ಆಗುವ ಬಗೆ ಸರಳ: ಬೆವರಾಗಿ ನೀರು ಹೋಗಿ, ಕುಡಿದದ್ದು ಕಡಿಮೆಯಾದಾಗ ಮೂತ್ರ ದಪ್ಪಗಾಗುತ್ತದೆ, ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಆಕ್ಸಲೇಟ್ ಮೊದಲಾದ ಲವಣಗಳು ಕರಗಿರಲಾರದೆ ಕಣಕಣವಾಗಿ ಕೂಡಿಕೊಳ್ಳುತ್ತವೆ. ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸಿಗೆ ಇದರ ಜೊತೆಗೆ ಇನ್ನೊಂದು ಕಷ್ಟವಿದೆ. ಮರೆಯಿಲ್ಲದ ಬಯಲಿನಲ್ಲಿ ಮೂತ್ರಕ್ಕೆ ಹೋಗಲಾಗದೆ ಅವಳು ನೀರನ್ನೇ ಕುಡಿಯುವುದಿಲ್ಲ. ತಡೆದಿಟ್ಟುಕೊಂಡ ಮೂತ್ರದಲ್ಲಿ ಸೋಂಕು ಬೆಳೆದು ಉರಿಮೂತ್ರವಾಗಿ, ಕೆಲವೊಮ್ಮೆ ಮೂತ್ರಪಿಂಡದವರೆಗೂ ಏರುತ್ತದೆ. ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರ ತೊಟ್ಟಿಕ್ಕುವ ಮುದುಕನು ಅದನ್ನು ವಯಸ್ಸಿನ ಧರ್ಮವೆಂದು ನಂಬಿ, ಮೂತ್ರ ಪೂರ್ತಿ ಕಟ್ಟಿದ ರಾತ್ರಿಯೇ ವಾಹನ ಹತ್ತುತ್ತಾನೆ. ವಾರ್ಡಿನ ವಿದ್ಯಾರ್ಥಿ ಕಾಣುವುದು ಆ ಕೊನೆಯ ರಾತ್ರಿಯನ್ನು ಮಾತ್ರ.

ಇತ್ತ ಯೂರಾಲಜಿಯು ದೇಶದಲ್ಲಿ ಬೇರೆಯೇ ವೇಗದಲ್ಲಿ ಬೆಳೆಯಿತು. 1961ರಲ್ಲಿ ಶಸ್ತ್ರವೈದ್ಯರ ಸಂಘದ ಒಂದು ಶಾಖೆಯಾಗಿ ಮೂತ್ರರೋಗ ತಜ್ಞರು ಒಂದುಗೂಡಿದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಈ ವಿದ್ಯೆಯ ಮೊದಲ ತವರುಗಳಲ್ಲಿ ಒಂದಾಗಿ, 1971ರಲ್ಲಿ ಯಶಸ್ವಿ ಮೂತ್ರಪಿಂಡ ಕಸಿಯನ್ನೂ ನಡೆಸಿತು. 1976ರಲ್ಲಿ ಸ್ವೀಡನ್ನಿನಲ್ಲಿ ಬೆನ್ನಿನ ಸಣ್ಣ ರಂಧ್ರದ ಮೂಲಕ ಹರಳು ತೆಗೆಯುವ ಕ್ರಮವೂ, 1980ರಲ್ಲಿ ಮ್ಯೂನಿಕ್ಕಿನಲ್ಲಿ ಹೊರಗಿನಿಂದಲೇ ಆಘಾತ ತರಂಗಗಳನ್ನು ಹಾಯಿಸಿ ಹರಳನ್ನು ಒಡೆಯುವ ಕ್ರಮವೂ ಬಂದ ಮೇಲೆ ವಿದ್ಯಾರ್ಥಿಯ ಪಾಲಿಗೆ ಶಸ್ತ್ರಕೊಠಡಿಯ ರೂಪವೇ ಬದಲಾಯಿತು. ಹಿಂದೆ ಪಕ್ಕೆಯನ್ನು ಉದ್ದಕ್ಕೆ ಕೊಯ್ದಾಗ, ಗಾಯವನ್ನು ಅಗಲಿಸಿ ಹಿಡಿಯುವ ಕೊಕ್ಕೆ ವಿದ್ಯಾರ್ಥಿಯ ಕೈಗೆ ಬರುತ್ತಿತ್ತು. ಕೈ ಸೋತರೂ ಮೂತ್ರಪಿಂಡವನ್ನು ಅವನು ಕಣ್ಣಾರೆ ಕಾಣುತ್ತಿದ್ದನು. ಈಗ ಪರದೆಯ ಮೇಲೆ ಲೇಸರಿನ ಕಿಡಿ ಹರಳನ್ನು ಪುಡಿಮಾಡುವುದನ್ನು ಹತ್ತು ಜನ ಒಟ್ಟಿಗೆ ನೋಡಬಹುದು, ಮುಟ್ಟುವುದು ಒಬ್ಬನಿಗೂ ಇಲ್ಲ. ರೋಗಿಗೆ ಇದು ನಿಸ್ಸಂದೇಹವಾಗಿ ಒಳ್ಳೆಯದು. ಕಲಿಯುವವರಿಗೆ ಮಾತ್ರ ಹೊರರೋಗಿ ವಿಭಾಗದ ಬೆಂಚು, ಕ್ಯಾತಿಟರ್ ಹಾಕುವ ಕೈಗೆಲಸ, ಬೆರಳಿನಿಂದ ಪ್ರಾಸ್ಟೇಟ್ ಪರೀಕ್ಷಿಸುವ ಅಭ್ಯಾಸ ಇವು ಮೊದಲಿಗಿಂತ ಹೆಚ್ಚು ಬೆಲೆಯುಳ್ಳವಾದವು.

ಸಂಶೋಧನೆಯ ಸರದಿಗೂ ದಕ್ಷಿಣ ಭಾರತದಲ್ಲಿ ಒಂದು ಪೂರ್ವಕಥೆಯಿದೆ. ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ 1920ರ ದಶಕದಿಂದ ಇಲಿಗಳಿಗೆ ಭಾರತದ ಬೇರೆ ಬೇರೆ ಪ್ರದೇಶಗಳ ಜನರ ಆಹಾರವನ್ನು ತಿನ್ನಿಸಿ, ‘ಎ’ ಜೀವಸತ್ವದ ಕೊರತೆಯುಳ್ಳ ಆಹಾರದಿಂದ ಅವುಗಳಲ್ಲಿ ಕಲ್ಲು ಹುಟ್ಟುವುದನ್ನೂ, ಹಾಲು ಸೇರಿಸಿದಾಗ ಅದು ತಪ್ಪುವುದನ್ನೂ ತೋರಿಸಿದನು. ಕಲ್ಲಿನ ಕಾರಣವನ್ನು ಶಸ್ತ್ರಕೊಠಡಿಯಲ್ಲಿ ಅಲ್ಲ, ಅಡುಗೆಮನೆಯಲ್ಲಿ ಹುಡುಕಿದ ಆ ಕೆಲಸ ಇಂದಿಗೂ ಕಣ್ತೆರೆಸುವಂಥದು. 1979ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಅಲ್ಪಾವಧಿ ಸಂಶೋಧನಾ ವೇತನವನ್ನು ಆರಂಭಿಸಿತು. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವು ಹಿರಿಯ ವಿದ್ಯಾರ್ಥಿಗಳಿಗೆ ‘ಇಲೆಕ್ಟಿವ್’ ಎಂಬ, ತಾವೇ ಆರಿಸಿಕೊಳ್ಳುವ ಸರದಿಯನ್ನು ಕೊಟ್ಟಿತು. ಅದರ ಮೊದಲ ಭಾಗವನ್ನು ಮೂಲವಿಜ್ಞಾನದ ಪ್ರಯೋಗಾಲಯದಲ್ಲಿ ಅಥವಾ ನಡೆಯುತ್ತಿರುವ ಸಂಶೋಧನೆಯಲ್ಲಿ, ಎರಡನೆಯ ಭಾಗವನ್ನು ಯೂರಾಲಜಿಯಂಥ ವಿಶೇಷ ಶಾಖೆಯೂ ಸೇರಿದಂತೆ ಯಾವುದಾದರೂ ಕ್ಲಿನಿಕಲ್ ವಿಭಾಗದಲ್ಲಿ ಅಥವಾ ಗ್ರಾಮೀಣ ಚಿಕಿತ್ಸಾಲಯದಲ್ಲಿ ಕಳೆಯಬಹುದು. ಮಾಡಿದ್ದನ್ನು ಲಾಗ್‌ಬುಕ್ಕಿನಲ್ಲಿ ದಾಖಲಿಸಿ ಒಪ್ಪಿಸಬೇಕು. ವಾರ್ಡು, ಪ್ರಯೋಗಾಲಯ, ಹಳ್ಳಿ ಈ ಮೂರೂ ಒಂದೇ ನಿಯಮದೊಳಗೆ ಬಂದಿರುವುದು ಈ ಸರದಿಯ ಹೊಸತನ.

ಕಲಬುರಗಿಗೆ ಈ ಅವಕಾಶ ಸರಿಯಾದ ಹೊತ್ತಿಗೆ ಬಂದಿದೆ. 2000ದಲ್ಲಿ ಖಾಜಾ ಬಂದಾ ನವಾಜ್ ಸಂಸ್ಥೆಯ ವೈದ್ಯಕೀಯ ಕಾಲೇಜು, 2013ರ ಸುಮಾರಿಗೆ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ಕಾರ್ಮಿಕ ರಾಜ್ಯ ವಿಮಾ ನಿಗಮದ ಕಾಲೇಜು ಸೇರಿ ಒಂದೇ ನಗರದಲ್ಲಿ ನಾಲ್ಕು ವೈದ್ಯಕೀಯ ಕಾಲೇಜುಗಳಾಗಿವೆ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯಿಂದ ಈ ಭಾಗದ ಮಕ್ಕಳಿಗೇ ಹೆಚ್ಚು ಸೀಟುಗಳು ದೊರೆಯುತ್ತಿವೆ. ತೊಗರಿ ಹೊಲದಿಂದ ಬಂದ ವಿದ್ಯಾರ್ಥಿನಿಗೆ ‘ಹಳ್ಳು’ ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಗಡಸು ನೀರಿನಿಂದಲೇ ಹರಳಾಗುತ್ತದೆಂಬ ನಂಬಿಕೆ ಜನರಲ್ಲಿ ಗಟ್ಟಿಯಾಗಿದೆ, ವಿಜ್ಞಾನ ಮಾತ್ರ ಅದನ್ನು ಖಚಿತವಾಗಿ ಒಪ್ಪಿಲ್ಲ. ಸುಣ್ಣಕಲ್ಲಿನ ಶಹಾಬಾದಿನ ಬಾವಿಗೂ ಕೆಂಪುನೆಲದ ಕಮಲಾಪುರದ ಬಾವಿಗೂ ಇರುವ ಅಂತರವನ್ನು ಅಳೆಯಲು ದುಬಾರಿ ಯಂತ್ರವೇನೂ ಬೇಡ. ಬಾಳೆದಿಂಡಿನ ರಸ ಇಲಿಗಳ ಮೂತ್ರದಲ್ಲಿ ಆಕ್ಸಲೇಟನ್ನು ತಗ್ಗಿಸಿದ ಪ್ರಯೋಗಗಳಿವೆ, ಮನುಷ್ಯರಲ್ಲಿ ದೃಢವಾದ ಪುರಾವೆ ಇನ್ನೂ ಬೇಕಾಗಿದೆ. ಬಾಳೆಯ ಊರಿಗಿಂತ ಅದನ್ನು ಕೇಳಲು ತಕ್ಕ ಜಾಗ ಯಾವುದು? ನೈತಿಕ ಸಮಿತಿಯ ಒಪ್ಪಿಗೆ, ರೋಗಿಯ ಸಮ್ಮತಿ, ಮಾರ್ಗದರ್ಶಕರ ಸಹಿ ಇವುಗಳ ಶಿಸ್ತನ್ನು ವಿದ್ಯಾರ್ಥಿಗಳು ಇಂಥ ಸಣ್ಣ ಪ್ರಶ್ನೆಗಳ ಮೇಲೆಯೇ ಕಲಿಯುತ್ತಾರೆ.

ಕೇಸು ಬರೆಯುವ ಹಳೆಯ ಕ್ರಮದಲ್ಲಿ ಇದಕ್ಕೆ ಬೇಕಾದ ಎಡೆ ಮೊದಲಿನಿಂದಲೂ ಇದೆ. 1963ರ ತಂಡದಿಂದ ಇಂದಿನವರೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ರೋಗಿಯ ವೃತ್ತಾಂತವನ್ನು ಹೆಸರು, ವಯಸ್ಸು, ಉದ್ಯೋಗ, ಊರು ಎಂದೇ ಆರಂಭಿಸುತ್ತಾನೆ. ಪರೀಕ್ಷೆಯ ಅವಸರದಲ್ಲಿ ಆ ಸಾಲನ್ನು ಒಂದೇ ಉಸಿರಿಗೆ ಹೇಳಿ ಮುಂದಕ್ಕೆ ಹೋಗುವುದು ರೂಢಿ. ‘ಕೂಲಿ, ಕಮಲಾಪುರ’ ಎಂದು ಬರೆದ ಮೇಲೆ, ದಿನಕ್ಕೆ ಎಷ್ಟು ನೀರು, ಯಾವ ಬಾವಿಯದು, ಹೊಲದಲ್ಲಿ ಎಷ್ಟು ಹೊತ್ತು ಎಂಬ ಇನ್ನು ಮೂರು ಪ್ರಶ್ನೆಗಳಿಗೆ ಆ ಸಾಲಿನ ಪಕ್ಕದ ಅಂಚು ಸಾಕಾಗುತ್ತದೆ.